ಈಸ್ಟರಿನ ಬಣ್ಣದ ಮೊಟ್ಟೆ: ಎಳೆಗೂಸಿನ ಕೈಗೆ ಬಂದ ಬಗೆ

ಕ್ರಿ. ಶ. ೧೨೯೦ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡನ ಅರಮನೆಯ ಕರಣಿಕರು ತಮ್ಮ ಖರ್ಚಿನ ಲೆಕ್ಕದಲ್ಲಿ ಒಂದು ಸಣ್ಣ ಬಾಬನ್ನು ನಮೂದಿಸಿದರು. ೪೫೦ ಮೊಟ್ಟೆಗಳು, ೧೮ ಪೆನ್ನಿ. ಪೆನ್ನಿಗೆ ೨೫ರಂತೆ ಲೆಕ್ಕವೇನೋ ಸರಿಯಾಗಿ ಕೂಡುತ್ತದೆ. ಈ ಮೊಟ್ಟೆಗಳಿಗೆ ಬಣ್ಣ ಕಟ್ಟಿಸಿ, ಚಿನ್ನದ ರೇಕು ಹೊದಿಸಿ, ಈಸ್ಟರ್ ಹಬ್ಬದಂದು ರಾಜಪರಿವಾರದವರಿಗೆ ಹಂಚಲಾಯಿತು. ಒಳಗಿನ ವಸ್ತು ಪೆನ್ನಿಗೆ ಇಪ್ಪತ್ತೈದರಂತೆ ಸಿಗುವ ಅಗ್ಗದ್ದು. ಮೇಲಿನ ಹೊದಿಕೆ ಮಾತ್ರ ಬಂಗಾರ. ಬಣ್ಣ ಕಟ್ಟಿದವರು ಯಾರು, ರೇಕು ಹೊದಿಸಿದವರು ಯಾರು ಎಂಬುದನ್ನು ಬರೆದಿಡುವ ಅಗತ್ಯ ಕರಣಿಕರಿಗೆ ಇರಲಿಲ್ಲ. ಅವರು ಪಳಗಿದ ಕೈಯವರೆಂಬುದಂತೂ ಸ್ಪಷ್ಟ. ಚಿನ್ನದ ರೇಕನ್ನು ಮಕ್ಕಳ ಕೈಗೆ ಕೊಡುವ ಅರಮನೆ ಯಾವ ದೇಶದಲ್ಲಿಯೂ ಇಲ್ಲ.

ಇಂದು ಅದೇ ಹಬ್ಬದ ಮುನ್ನಾದಿನ ಯೂರೋಪು ಅಮೆರಿಕಗಳ ಅಡುಗೆಮನೆಗಳಲ್ಲಿ ಬೇರೊಂದು ದೃಶ್ಯ. ಇನ್ನೂ ತಪ್ಪುಹೆಜ್ಜೆ ಇಡುವ, ಎರಡು ವರ್ಷ ತುಂಬಿದ ಕೂಸು ಕುರ್ಚಿಯ ಮೇಲೆ ಮೊಣಕಾಲೂರಿ, ಬೇಯಿಸಿದ ಮೊಟ್ಟೆಯನ್ನು ಎರಡು ಕೈಗಳಿಂದಲೂ ಹಿಡಿದು, ನೀಲಿ ನೀರಿನ ಬಟ್ಟಲಿಗೆ ಮಣಿಕಟ್ಟಿನವರೆಗೆ ಮುಳುಗಿಸುತ್ತಿರುತ್ತದೆ. ಅರಮನೆಯ ಉಗ್ರಾಣದಿಂದ ಈ ಎಳೆಗೈಯವರೆಗೆ ಮೊಟ್ಟೆ ನಡೆದುಬಂದ ದಾರಿ ಬಹು ದೀರ್ಘವಾದುದು. ಆ ದಾರಿಯ ಚರಿತ್ರೆಯನ್ನು ಕಟ್ಟುವಲ್ಲಿ ಒಂದು ವಿಚಿತ್ರವಾದ ತೊಡಕೂ ಉಂಟು. ಪ್ರೌಢರ ಕೈಯ ಮೊಟ್ಟೆಗಳು ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಹಿಂದೆ ಉಳಿದಿವೆ. ಕೂಸಿನ ಮೊಟ್ಟೆ ಮಾತ್ರ ಮರುದಿನವೇ ಒಡೆದು, ಸುಲಿದು, ತಿಂದು ಮುಗಿಯುತ್ತದೆ.

ಈಸ್ಟರಿಗೂ ಮೊಟ್ಟೆಗೂ ಇರುವ ನಂಟನ್ನು ಅರಿಯಬೇಕಾದರೆ ದೇವತೆಗಳ ಕಥೆಗಿಂತ ಮೊದಲು ಕೋಳಿಯ ಗೂಡನ್ನೂ ಒಡೆಯನ ಗೇಣಿಯನ್ನೂ ನೋಡುವುದು ಮೇಲು. ಕೋಳಿಯು ಮೊಟ್ಟೆಯಿಡುವುದು ಹಗಲಿನ ಬೆಳಕನ್ನು ಅವಲಂಬಿಸಿದೆ. ವಿದ್ಯುದ್ದೀಪಗಳಿಲ್ಲದ ಕಾಲದಲ್ಲಿ, ಉತ್ತರದ ಶೀತಪ್ರದೇಶಗಳ ಮೋಟು ಹಗಲುಗಳಲ್ಲಿ ಮೊಟ್ಟೆ ದುರ್ಲಭ. ವಸಂತದಲ್ಲಿ ಹಗಲು ಬೆಳೆದಂತೆ ಗೂಡು ತುಂಬುತ್ತದೆ. ಆದರೆ ಸರಿಯಾಗಿ ಅದೇ ಕಾಲಕ್ಕೆ ಈಸ್ಟರಿನ ಹಿಂದಿನ ೪೦ ದಿನಗಳ ಉಪವಾಸ ಬರುತ್ತಿತ್ತು. ಮಧ್ಯಯುಗದ ಕ್ರೈಸ್ತಸಭೆ ಆ ದಿನಗಳಲ್ಲಿ ಮಾಂಸದೊಡನೆ ಮೊಟ್ಟೆಯನ್ನೂ ನಿಷೇಧಿಸಿತ್ತು. ಕೋಳಿಗೆ ಈ ನಿಷೇಧ ತಿಳಿಯದಷ್ಟೆ. ಹೀಗೆ ಹಬ್ಬದ ಹೊತ್ತಿಗೆ ಮನೆಮನೆಯಲ್ಲಿಯೂ ಮೊಟ್ಟೆಗಳ ರಾಶಿ ಬೀಳುತ್ತಿತ್ತು. ಒಕ್ಕಲುಗಳು ಒಡೆಯನಿಗೆ ಈಸ್ಟರಿನಲ್ಲಿ ಮೊಟ್ಟೆಗಳನ್ನು ಗೇಣಿಯ ಅಂಗವಾಗಿ ಒಪ್ಪಿಸುವ ಪದ್ಧತಿಯು ಇಂಗ್ಲೆಂಡಿನಲ್ಲಿಯೂ ಜರ್ಮನ್ ನಾಡುಗಳಲ್ಲಿಯೂ ಇತ್ತು. ಸಭೆಯು ಈ ಸಮೃದ್ಧಿಯನ್ನು ತನ್ನದಾಗಿಸಿಕೊಂಡಿತು. ೧೬೧೪ರಲ್ಲಿ ಐದನೆಯ ಪಾಲ್ ಪೋಪನು ಹೊರಡಿಸಿದ ರೋಮನ್ ವಿಧಿಗ್ರಂಥದಲ್ಲಿ ಹಬ್ಬದ ಮೊಟ್ಟೆಗಳನ್ನು ಆಶೀರ್ವದಿಸುವ ಪ್ರಾರ್ಥನೆಗೂ ಸ್ಥಾನವುಂಟು. ಮುಚ್ಚಿದ ಚಿಪ್ಪು ಸಮಾಧಿ, ಅದನ್ನೊಡೆದು ಬರುವ ಮರಿ ಪುನರುತ್ಥಾನ ಎಂಬ ಅರ್ಥವೂ ಅದರೊಡನೆ ಬೆಸೆದುಕೊಂಡಿತು.

ಎಯೊಸ್ಟ್ರೆ ಎಂಬ ವಸಂತದೇವತೆಯ ಪೂಜೆಯಿಂದಲೇ ಈಸ್ಟರಿನ ಮೊಟ್ಟೆಯೂ ಮೊಲವೂ ಬಂದವೆಂದು ಹೇಳುವ ವಾಡಿಕೆ ಬಲವಾಗಿದೆ. ಈ ದೇವತೆಯ ಹೆಸರನ್ನು ಉಲ್ಲೇಖಿಸಿದವನು ಇಂಗ್ಲೆಂಡಿನ ಸನ್ಯಾಸಿ ಬೀಡ್, ಕ್ರಿ. ಶ. ೭೨೫ರಲ್ಲಿ, ತಿಂಗಳುಗಳ ಹೆಸರುಗಳನ್ನು ವಿವರಿಸುವ ಸಂದರ್ಭದಲ್ಲಿ. ಅವನ ಮಾತಿನಲ್ಲಿ ಮೊಟ್ಟೆಯೂ ಇಲ್ಲ, ಮೊಲವೂ ಇಲ್ಲ. ಯಾಕೊಬ್ ಗ್ರಿಮ್‌ನು ೧೮೩೫ರಲ್ಲಿ ಜರ್ಮನ್ ಪುರಾಣಗಳ ತನ್ನ ಗ್ರಂಥದಲ್ಲಿ ಆ ಒಂದು ಎಳೆಯನ್ನು ಹಿಡಿದು ಊಹೆಯನ್ನು ಬೆಳೆಸಿದನು. ಮುಂದಿನವರು ಊಹೆಯನ್ನು ಸಿದ್ಧಾಂತವಾಗಿಸಿದರು. ಇನ್ನುಳಿದ ಹಲವು ಭಾಷೆಗಳಲ್ಲಿ ಹಬ್ಬದ ಹೆಸರು ಯೆಹೂದ್ಯರ ಪೇಸಾಹ್ ಹಬ್ಬದಿಂದ ಬಂದುದು. ಕನ್ನಡ ಬೈಬಲಿನ ಓದುಗರಿಗೆ ಅದು ‘ಪಸ್ಕ’ ಎಂದು ಪರಿಚಿತವಾದುದೇ. ಉತ್ತರ ಇಂಗ್ಲೆಂಡಿನಲ್ಲಿ ಈ ಬಣ್ಣದ ಮೊಟ್ಟೆಗೆ ‘ಪೇಸ್ ಎಗ್’ ಎಂಬ ಹೆಸರು ಅದೇ ಮೂಲದಿಂದ ಬಂದಿತು.

ಮೊಟ್ಟೆಯ ಚಿಪ್ಪಿನ ಮೇಲೆ ಗೆರೆಯೆಳೆಯುವ ಚಪಲವಾದರೋ ಎಲ್ಲ ಮತಗಳಿಗಿಂತಲೂ ಹಳೆಯದು. ದಕ್ಷಿಣ ಆಫ್ರಿಕದ ಡೀಪ್‌ಕ್ಲೂಫ್ ಎಂಬ ಕಲ್ಲಾಸರೆಯಲ್ಲಿ ದೊರೆತ ಉಷ್ಟ್ರಪಕ್ಷಿಯ ಚಿಪ್ಪಿನ ಚೂರುಗಳ ಮೇಲೆ ಕೊರೆದ ಗೆರೆಗಳು ಸುಮಾರು ೬೦,೦೦೦ ವರ್ಷ ಹಿಂದಿನವು. ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಪಾಟಣೆಯಲ್ಲಿಯೂ ಗೆರೆ ಕೊರೆದ ಅಂಥದೇ ಚಿಪ್ಪು ಸಿಕ್ಕಿದೆ. ಅದರ ವಯಸ್ಸು ಸುಮಾರು ೨೫,೦೦೦ ವರ್ಷ. ಇರಾನಿನ ನವರೋಜ್ ಹಬ್ಬದ ಮೇಜಿನ ಮೇಲೂ ಈಜಿಪ್ಟಿನ ವಸಂತೋತ್ಸವದಲ್ಲಿಯೂ ಬಣ್ಣದ ಮೊಟ್ಟೆಗಳುಂಟು. ಪೂರ್ವದ ಕ್ರೈಸ್ತರಲ್ಲಿ ಬಣ್ಣವೆಂದರೆ ಕೆಂಪು, ಕ್ರಿಸ್ತನ ರಕ್ತದ ಕುರುಹು. ಗ್ರೀಸಿನಲ್ಲಿ ಪವಿತ್ರ ಗುರುವಾರದಂದು ಮೊಟ್ಟೆಗಳನ್ನು ಕೆಂಪಾಗಿಸಿ, ಹಬ್ಬದ ದಿನ ಒಬ್ಬರ ಮೊಟ್ಟೆಗೆ ಇನ್ನೊಬ್ಬರು ಕುಟ್ಟಿ ಯಾರದು ಒಡೆಯದೆ ಉಳಿಯುವುದೆಂದು ನೋಡುತ್ತಾರೆ. ಈ ಆಟದಲ್ಲಿ ಅಜ್ಜನೂ ಮೊಮ್ಮಗನೂ ಸಮಾನರು.

ಕಲೆ ಅತ್ಯಂತ ಎತ್ತರಕ್ಕೇರಿದುದು ಉಕ್ರೇನಿನಲ್ಲಿ. ಅಲ್ಲಿಯ ಚಿತ್ರಿತ ಮೊಟ್ಟೆಗೆ ‘ಪಿಸಾಂಕ’ ಎಂದು ಹೆಸರು. ಈ ಶಬ್ದ ಬಂದುದು ‘ಬರೆ’ ಎಂಬರ್ಥದ ಕ್ರಿಯಾಪದದಿಂದ. ಉಕ್ರೇನಿನ ಹೆಂಗಸರು ಮೊಟ್ಟೆಗೆ ಬಣ್ಣ ಹಚ್ಚುವುದಿಲ್ಲ, ಮೊಟ್ಟೆಯನ್ನು ಬರೆಯುತ್ತಾರೆ. ಕನ್ನಡಿಗನಿಗೆ ಇದರಲ್ಲಿ ಬೆರಗಿಗೆ ಕಾರಣವಿಲ್ಲ. ಚಿತ್ರ ಬರೆಯುವುದು, ರಂಗೋಲಿ ಬರೆಯುವುದು, ಮಲೆನಾಡಿನ ಗೋಡೆಗಳ ಮೇಲೆ ಹಸೆಚಿತ್ತಾರ ಬರೆಯುವುದು ಅವನ ನಿತ್ಯದ ನುಡಿ. ಅಕ್ಷರಕ್ಕೂ ಚಿತ್ರಕ್ಕೂ ಅವನ ಭಾಷೆ ಒಂದೇ ಕ್ರಿಯಾಪದವನ್ನು ಇರಿಸಿಕೊಂಡಿದೆ. ಭಾಷಾಶಾಸ್ತ್ರದ ದೃಷ್ಟಿಯಿಂದ ಇನ್ನೊಂದು ಮಾತನ್ನೂ ಇಲ್ಲಿ ಸ್ಮರಿಸಬಹುದು. ಸ್ಲಾವ್ ಭಾಷೆಗಳ ಈ ಧಾತುವು ಸಂಸ್ಕೃತದ ‘ಪಿಶ್’ ಧಾತುವಿನ ಬಂಧು. ಕೊರೆ, ಅಲಂಕರಿಸು ಎಂಬುದು ಅದರ ಅರ್ಥ. ವೇದದ ‘ಪೇಶಸ್’, ಕಾವ್ಯಗಳ ‘ಪೇಶಲ’ ಅದರಿಂದಲೇ ಹುಟ್ಟಿದ ಶಬ್ದಗಳು. ಸ್ಲಾವರಲ್ಲಿ ಅಲಂಕಾರದಿಂದ ಬರವಣಿಗೆ ಬಂದಿತು. ಮೊಟ್ಟೆಯ ಮೇಲೆ ಆ ಎರಡೂ ಇನ್ನೂ ಬೇರೆಯಾಗಿಲ್ಲ.

ಬರೆಯುವ ಕ್ರಮ ಹೀಗೆ. ಕಡ್ಡಿಯ ತುದಿಗೆ ಲೋಹದ ಪುಟ್ಟ ಆಲಿಕೆಯನ್ನು ಕಟ್ಟಿದ ‘ಕಿಸ್ತ್ಕ’ ಎಂಬ ಲೇಖನಿಯನ್ನು ದೀಪದ ಉರಿಗೆ ಹಿಡಿದು, ಜೇನುಮೇಣವನ್ನು ಕರಗಿಸಿ, ಹಸಿಯ ಬಿಳಿ ಮೊಟ್ಟೆಯ ಮೇಲೆ ಗೆರೆಗಳನ್ನು ಎಳೆಯುತ್ತಾರೆ. ಮೇಣ ಮುಚ್ಚಿದ ಜಾಗ ಬಿಳಿಯಾಗಿಯೇ ಉಳಿಯುವುದು. ಮೊಟ್ಟೆಯನ್ನು ಹಳದಿಯಲ್ಲಿ ಅದ್ದಿ, ಹಳದಿಯಾಗಿ ಉಳಿಯಬೇಕಾದುದನ್ನು ಮತ್ತೆ ಮೇಣದಿಂದ ಮುಚ್ಚಿ, ಬಳಿಕ ಕಿತ್ತಳೆ, ಕೆಂಪು, ಕೊನೆಗೆ ಕಪ್ಪು. ಅಷ್ಟು ಹೊತ್ತಿಗೆ ಮೊಟ್ಟೆ ಮಸಿಯ ಉಂಡೆಯಂತೆ ಕಾಣುತ್ತದೆ. ಅದನ್ನು ದೀಪದ ಬಳಿ ಹಿಡಿದು ಮೇಣವನ್ನು ಕರಗಿಸಿ ಒರೆಸಿದಾಗ ಅಡಗಿದ್ದ ಬಣ್ಣಗಳೆಲ್ಲ ಒಮ್ಮೆಗೇ ಹೊರಬೀಳುತ್ತವೆ. ಬರೆಯುವವಳು ಉದ್ದಕ್ಕೂ ಕಾಣದಿರುವುದನ್ನೇ ಲೆಕ್ಕವಿಡಬೇಕು. ಕೈ ನಡುಗಬಾರದು, ಎಳೆದ ಗೆರೆಯನ್ನು ಅಳಿಸುವಂತಿಲ್ಲ. ಪರಂಪರೆಯ ಪ್ರಕಾರ ಹೆಂಗಸರು ಈ ಕೆಲಸಕ್ಕೆ ಕೂಡುತ್ತಿದ್ದುದು ಮಕ್ಕಳು ಮಲಗಿದ ಮೇಲೆ, ರಾತ್ರಿಯಲ್ಲಿ. ಉರಿಯೂ ಕಾದ ಮೇಣವೂ ಹಸಿಮೊಟ್ಟೆಯೂ ಇರುವಲ್ಲಿ ಎರಡು ವರ್ಷದ ಕೂಸು ಸಲ್ಲದು.

ಆದರೆ ಅದೇ ಮನೆಯಲ್ಲಿ ಇನ್ನೊಂದು ಬಗೆಯ ಮೊಟ್ಟೆಯೂ ತಯಾರಾಗುತ್ತಿತ್ತು. ಅದು ‘ಕ್ರಾಶಾಂಕ’, ಬೇಯಿಸಿ ಒಂದೇ ಬಣ್ಣದಲ್ಲಿ ಅದ್ದಿದುದು. ಅದರಲ್ಲಿ ಚಿತ್ರವಿಲ್ಲ, ಮೇಣವಿಲ್ಲ. ಈರುಳ್ಳಿಯ ಸಿಪ್ಪೆಯೊಡನೆ ಕುದಿಸಿದರೂ ಸಾಕು, ಇಟ್ಟಿಗೆಗೆಂಪು ಬರುತ್ತದೆ. ಪಿಸಾಂಕ ಇಡುವುದಕ್ಕೆ, ಕ್ರಾಶಾಂಕ ತಿನ್ನುವುದಕ್ಕೆ. ವಿದ್ವಾಂಸರ ಗಮನವೆಲ್ಲ ಸಹಜವಾಗಿಯೇ ಪಿಸಾಂಕದ ಮೇಲೆ. ಅದರ ಜಿಂಕೆ, ಸೂರ್ಯ, ಗೋಧಿಯ ತೆನೆ, ಕೊನೆಯಿಲ್ಲದ ಸುತ್ತುಗೆರೆಗಳ ಅರ್ಥವನ್ನು ಕುರಿತು ಬರೆದುದಕ್ಕೆ ಮಿತಿಯಿಲ್ಲ. ಮನೆಯ ಮಟ್ಟಿಗೆ ನೋಡಿದರೆ, ಹಬ್ಬ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವುದಕ್ಕೆ ಈ ಬಡ ಕ್ರಾಶಾಂಕವೂ ಅಷ್ಟೇ ಅಗತ್ಯವಾಗಿತ್ತೆಂದು ಹೇಳಬೇಕಾಗುತ್ತದೆ. ಅದು ಕೂಸು ಕಾಲಿಡಬಹುದಾದ ಕೆಳಮೆಟ್ಟಿಲು.

ಪಶ್ಚಿಮದಲ್ಲಿ ಮಗುವು ಮೊದಲು ಕಾಣಿಸಿಕೊಳ್ಳುವುದು ಬೇರೆಯೇ ಪಾತ್ರದಲ್ಲಿ. ಲುಸಾಟಿಯದ ಸೋರ್ಬ್ ಜನರಲ್ಲಿ ಧರ್ಮಪಿತೃಗಳು ಮಗುವಿಗೆ ಚಿತ್ರಿತ ಮೊಟ್ಟೆಗಳನ್ನು ಕೊಡುವ ರೂಢಿಯಿದೆ. ಅಲ್ಲಿ ಮಗು ಪಡೆಯುವವನು. ಹೈಡೆಲ್‌ಬರ್ಗಿನ ವೈದ್ಯ ಗೆಯೋರ್ಗ್ ಫ್ರಾಂಕ್ ಫಾನ್ ಫ್ರಾಂಕೆನೌ ೧೬೮೨ರಲ್ಲಿ ಈಸ್ಟರಿನ ಮೊಟ್ಟೆಗಳನ್ನೇ ಕುರಿತು ಲ್ಯಾಟಿನಿನಲ್ಲಿ ಒಂದು ಪ್ರಬಂಧವನ್ನು ಬರೆದನು. ಆಲ್ಸೇಸ್ ಮತ್ತು ಅದರ ನೆರೆಯ ಸೀಮೆಗಳಲ್ಲಿ ಮೊಲವೇ ಮೊಟ್ಟೆಯಿಟ್ಟು ತೋಟದ ಹುಲ್ಲಿನಲ್ಲಿ ಅಡಗಿಸುತ್ತದೆಂದು ಮಕ್ಕಳನ್ನು ನಂಬಿಸುತ್ತಾರೆ, ಮಕ್ಕಳು ಹುಡುಕುವುದನ್ನು ನೋಡಿ ಹಿರಿಯರು ನಗುತ್ತಾರೆ ಎಂಬ ಸಂಗತಿ ಅದರಲ್ಲಿ ಬರುತ್ತದೆ. ವೈದ್ಯನಾದ ಅವನ ಚಿಂತೆ ಮೊಲವನ್ನು ಕುರಿತದ್ದಾಗಿರದೆ, ಮೊಟ್ಟೆಗಳನ್ನು ಅತಿಯಾಗಿ ತಿಂದು ಕೆಡುವ ಹೊಟ್ಟೆಯನ್ನು ಕುರಿತದ್ದಾಗಿತ್ತು. ಈ ಆಲ್ಸೇಸಿಗೆ ಹೊಂದಿಕೊಂಡ ರೈನ್ ದಡದ ಊರು ಬಾಸೆಲ್; ‘ಮಂಗಳೂರ ಸಮಾಚಾರ’ವನ್ನೂ ಕಿಟೆಲ್ಲರ ನಿಘಂಟನ್ನೂ ಕನ್ನಡಕ್ಕೆ ಕೊಟ್ಟ ಮಿಶನ್ನಿನ ತವರು. ಫ್ರಾಂಕೆನೌನ ಕಾಲಕ್ಕೆ ಮಗು ಹುಡುಕುವವನು. ಮೊಟ್ಟೆಗೆ ಬಣ್ಣ ಕಟ್ಟುವವರು ಇನ್ನೂ ದೊಡ್ಡವರೇ. ಬಣ್ಣ ಕಟ್ಟುವುದು ಗುಟ್ಟಾಗಿ ಉಳಿಯದಿದ್ದರೆ ಮೊಲದ ಕಥೆ ನಿಲ್ಲುವುದಾದರೂ ಹೇಗೆ!

ಜರ್ಮನ್ ವಲಸೆಗಾರರು ಮೊಲವನ್ನೂ ಮೊಟ್ಟೆಯನ್ನೂ ಪೆನ್ಸಿಲ್ವೇನಿಯಕ್ಕೆ ಒಯ್ದರು. ಅಮೆರಿಕದ ರಾಜಧಾನಿಯಲ್ಲಿ ಮಕ್ಕಳು ಈಸ್ಟರಿನ ಮರುದಿನ ಶಾಸನಸಭೆಯ ಇಳಿಜಾರಿನಲ್ಲಿ ಮೊಟ್ಟೆ ಉರುಳಿಸಿ ಹುಲ್ಲನ್ನೆಲ್ಲ ಹಾಳುಮಾಡುತ್ತಿದ್ದುದರಿಂದ ೧೮೭೬ರಲ್ಲಿ ಹುಲ್ಲಿನ ರಕ್ಷಣೆಗೆಂದೇ ಒಂದು ಕಾನೂನು ಬಂದಿತು. ೧೮೭೮ರಲ್ಲಿ ಅಧ್ಯಕ್ಷ ಹೇಯ್ಸ್ ಮಕ್ಕಳಿಗೆ ಶ್ವೇತಭವನದ ಅಂಗಳವನ್ನು ತೆರೆದನು. ಹೀಗೆ ಮಗು ಉರುಳಿಸುವವನಾಯಿತು. ಅದ್ದುವ ಕೆಲಸ ಮಗುವಿಗೆ ಬರಬೇಕಾದರೆ ಇನ್ನೆರಡು ಸಂಗತಿಗಳು ನಡೆಯಬೇಕಾಗಿತ್ತು.

ಮೊದಲನೆಯದು ಬಣ್ಣ. ೧೮೫೬ರಲ್ಲಿ ವಿಲಿಯಂ ಪರ್ಕಿನ್ ಕಲ್ಲಿದ್ದಲ ಟಾರಿನಿಂದ ನೇರಳೆ ಬಣ್ಣವನ್ನು ತಯಾರಿಸಿದಂದಿನಿಂದ ಬಣ್ಣ ಅಗ್ಗವಾಗತೊಡಗಿತು. ೧೮೮೦ರ ಸುಮಾರಿಗೆ ನ್ಯೂಜರ್ಸಿಯ ನ್ಯೂಆರ್ಕಿನಲ್ಲಿ ಔಷಧದಂಗಡಿಯಿಟ್ಟಿದ್ದ ವಿಲಿಯಂ ಟೌನ್‌ಲಿ ಎಂಬವನು ಬಣ್ಣವನ್ನು ಒಂದೊಂದು ಅದ್ದಿಕೆಗೆ ಬೇಕಾದಷ್ಟೇ ಅಳತೆಯ ಬಿಲ್ಲೆಗಳಾಗಿಸಿ ಐದು ಸೆಂಟಿಗೆ ಪೊಟ್ಟಣದಂತೆ ಮಾರಿದನು. ಪೊಟ್ಟಣದ ಹೆಸರು ‘ಪಾಸ್’. ಪೆನ್ಸಿಲ್ವೇನಿಯದ ಜರ್ಮನರು ಈಸ್ಟರಿಗೆ ಹೇಳುವ ಹೆಸರಿನಿಂದ ತೆಗೆದುದು, ಎಂದರೆ ಮತ್ತೆ ಅದೇ ಪಸ್ಕ. ಆ ದಶಕದಲ್ಲಿಯೇ, ೧೮೮೫ರಲ್ಲಿ, ರಷ್ಯದ ಮೂರನೆಯ ಅಲೆಕ್ಸಾಂಡರ್ ತನ್ನ ರಾಣಿಗೆ ಫಾಬೆರ್ಜೆ ತಯಾರಿಸಿದ ಮೊದಲನೆಯ ರತ್ನಖಚಿತ ಪರಂಪರೆಯ ಮೊಟ್ಟೆಯನ್ನು ಕಾಣಿಕೆಯಿತ್ತನು. ಅರಮನೆಗಾಗಿ ಅಂಥ ೫೦ ಮೊಟ್ಟೆಗಳಾದವು. ಅವು ಆಭರಣಗಳ ಚರಿತ್ರೆಗೆ ಸೇರಿದವು. ಮೊಟ್ಟೆಯ ಚರಿತ್ರೆಯಲ್ಲಿ ಐದು ಸೆಂಟಿನ ಪೊಟ್ಟಣದ ಸ್ಥಾನವೇ ಹಿರಿದು. ಬಣ್ಣ ಚೆಲ್ಲಿದರೆ ನಷ್ಟವಿಲ್ಲವೆಂಬ ಧೈರ್ಯ ತಾಯಂದಿರಿಗೆ ಬಂದುದು ಅದರಿಂದ.

ಎರಡನೆಯದು ಮಗುವಿನ ಕೈಯನ್ನು ಕುರಿತ ಹೊಸ ಗೌರವ. ೧೮೩೭ರಲ್ಲಿ ಜರ್ಮನಿಯ ಬಾಡ್ ಬ್ಲಾಂಕೆನ್‌ಬುರ್ಗಿನಲ್ಲಿ ಶಿಶುಶಾಲೆಯನ್ನಾರಂಭಿಸಿದ ಫ್ರೊಬೆಲ್, ಕೂಸಿನ ಕೈಗೆ ಮೊದಲು ಕೊಡಬೇಕಾದುದೆಂದು ಆರಿಸಿದ ಆಟಿಕೆ ಆರು ಬಣ್ಣಗಳ ಉಣ್ಣೆಯ ಚೆಂಡುಗಳು. ಬೊಗಸೆಗೆ ಹಿಡಿಸುವ ದುಂಡನೆಯ, ಬಣ್ಣದ ವಸ್ತು, ಮೊಟ್ಟೆಯ ನೆನಪಾಗದಿರದು. ೧೮೫೬ರಲ್ಲಿ ಮಾರ್ಗರೇಟ ಶುರ್ಟ್ಸ್ ಆ ಪದ್ಧತಿಯನ್ನು ಅಮೆರಿಕದ ವಿಸ್ಕಾನ್ಸಿನ್ನಿಗೆ ತಂದಳು. ೧೮೮೨-೮೩ರ ಚಳಿಗಾಲದಲ್ಲಿ ಇಟಲಿಯ ಬೊಲೊನ್ಯದಲ್ಲಿ ಮಳೆಗೆ ಸಿಕ್ಕಿ ಕೈಸಾಲೆಯೊಂದರ ಕೆಳಗೆ ನಿಂತ ಕೊರ್ರಾಡೊ ರಿಚ್ಚಿ, ಗೋಡೆಯ ಮೇಲೆ ಮಕ್ಕಳು ಗೀಚಿದುದನ್ನು ಕಂಡು ೧೮೮೭ರಲ್ಲಿ ಮಕ್ಕಳ ಕಲೆಯನ್ನು ಕುರಿತು ಪುಸ್ತಕವನ್ನೇ ಬರೆದನು. ೧೯೦೭ರಲ್ಲಿ ರೋಮಿನಲ್ಲಿ ತಮ್ಮ ಮೊದಲ ಶಿಶುಗೃಹವನ್ನು ತೆರೆದ ಮರಿಯ ಮಾಂಟೆಸೊರಿ, ೧೯೩೯ರಲ್ಲಿ ಮದರಾಸಿನ ಅಡಯಾರಿಗೆ ಬಂದು ಭಾರತದ ಶಿಕ್ಷಕರಿಗೂ ಪಾಠ ಹೇಳಿದರು. ಅಮೆರಿಕದ ರೋಡ ಕೆಲಾಗ್ ಎಳೆಯ ಮಕ್ಕಳ ಚಿತ್ರಗಳನ್ನು ಅಪಾರವಾಗಿ ಸಂಗ್ರಹಿಸಿ, ಎರಡು ವರ್ಷದ ಆಸುಪಾಸಿನ ಮಗು ಎಳೆಯುವ ಗೀಚುಗಳಲ್ಲಿಯೇ ೨೦ ಮೂಲರೂಪಗಳನ್ನು ಗುರುತಿಸಿದಳು. ಅವಳ ಪ್ರಧಾನ ಗ್ರಂಥ ೧೯೬೯ರದು. ಗೀಚು ಎಂಬುದು ಚಿತ್ರ ಬರೆಯಲಾಗದ ಸೋಲಲ್ಲ, ಬರವಣಿಗೆಯ ಮೊದಲ ಪಾಠ ಎಂದು ಹೀಗೆ ವಿದ್ವಾಂಸರು ಒಪ್ಪಿದರು. ತಾಯಂದಿರಿಗೆ ಇದು ಮೊದಲೇ ಗೊತ್ತಿದ್ದಿರಬಹುದು.

ಹೀಗೆ ಸಿದ್ಧವಾದ ಮೇಜಿನ ಬಳಿಗೆ ಕೂಸು ಬಂದಿತು. ಆ ವಯಸ್ಸಿಗೆ ಒಪ್ಪುವಂತೆ ವಿಧಾನವೂ ಸರಳವಾಯಿತು. ಗಟ್ಟಿಯಾಗಿ ಬೇಯಿಸಿ ಆರಿಸಿದ ಮೊಟ್ಟೆ, ಬಿಸಿ ಆರಿದ ಬಣ್ಣದ ನೀರು, ಅದಕ್ಕೆ ಒಂದಿಷ್ಟು ವಿನೆಗರ್. ಚಿಪ್ಪಿನ ಮೇಲಿನ ತೆಳುಪೊರೆಗೆ ಬಣ್ಣವು ಅಂಟಿಕೊಳ್ಳಲು ಹುಳಿ ಬೇಕು. ಅದೇ ಹುಳಿಯು ಚಿಪ್ಪಿನ ಸುಣ್ಣವನ್ನು ಕೊಂಚ ಕರಗಿಸುವುದರಿಂದ ಮೊಟ್ಟೆಯ ಸುತ್ತ ಸಣ್ಣ ಗುಳ್ಳೆಗಳೇಳುತ್ತವೆ. ಕೂಸಿಗೆ ಬಣ್ಣಕ್ಕಿಂತ ಈ ಗುಳ್ಳೆಗಳೇ ಹೆಚ್ಚಿನ ಸೋಜಿಗ. ಅದ್ದುವ ಮೊದಲು ಬಿಳಿಯ ಮೇಣದ ಕಡ್ಡಿಯನ್ನು ಕೈಗೆ ಕೊಟ್ಟು ಮೊಟ್ಟೆಯ ಮೇಲೆ ಮನಬಂದಂತೆ ಗೀಚಗೊಡುವುದುಂಟು. ಬಿಳಿಯ ಮೇಲೆ ಬಿಳಿ. ಬರೆದವನಿಗೂ ನೋಡುವವನಿಗೂ ಏನೂ ಕಾಣದು. ನೀಲಿಯಿಂದ ಮೇಲೆತ್ತಿದಾಗ ಗೀಚೆಲ್ಲ ಬೆಳ್ಳಗೆ ಎದ್ದು ನಿಲ್ಲುತ್ತದೆ. ಇದು ಪಿಸಾಂಕದ ತತ್ತ್ವವೇ, ಉರಿಯನ್ನು ಕಳೆದು ಎಳೆಗೈಗೆ ಒಗ್ಗಿಸಿದುದು. ಇತ್ತೀಚೆಗೆ ಪ್ಲಾಸ್ಟಿಕ್ಕಿನ ಟೊಳ್ಳು ಮೊಟ್ಟೆಗಳೂ ಅಂಟುಚಿತ್ರಗಳೂ ಬಂದಿವೆ. ಅವುಗಳಲ್ಲಿ ಅಚ್ಚುಕಟ್ಟುತನವುಂಟು, ಒಡೆದೀತೆಂಬ ಭಯವಿಲ್ಲ. ಆದುದರಿಂದಲೇ ಕೂಸು ಅವನ್ನು ಎಸೆಯುತ್ತದೆ. ನಿಜವಾದ ಮೊಟ್ಟೆಯನ್ನು ಹಿಡಿದಾಗ ಅದರ ಬೆರಳುಗಳು ತಾವಾಗಿಯೇ ಮೆತ್ತಗಾಗುತ್ತವೆ.

ಊರು ಬಿಟ್ಟು ಹೋದವರಲ್ಲಿ ಈ ಮೆಟ್ಟಿಲುಗಳ ಸಂಬಂಧ ಇನ್ನಷ್ಟು ಸೂಕ್ಷ್ಮವಾದುದು. ಉಕ್ರೇನಿನ ರೈತರು ೧೮೯೧ರಿಂದ ಕೆನಡದ ಬಯಲುಸೀಮೆಗೆ ವಲಸೆ ಹೋದರು. ತಾಯ್ನಾಡಿನಲ್ಲಿ ಸೋವಿಯೆತ್ ಆಳ್ವಿಕೆಯು ಪಿಸಾಂಕವನ್ನು ಮತದ ಕುರುಹೆಂದು ಕಡೆಗಣಿಸಿ ಹತ್ತಿಕ್ಕಿದ ದಶಕಗಳಲ್ಲಿ ಅದರ ನಕ್ಷೆಗಳನ್ನು ಕಾಪಾಡಿದವರಲ್ಲಿ ಈ ಪರದೇಶವಾಸಿಗಳದು ದೊಡ್ಡ ಪಾಲು. ಆಲ್ಬರ್ಟ ಪ್ರಾಂತದ ವೆಗ್ರೆವಿಲ್ಲಿನಲ್ಲಿ ೧೯೭೫ರಲ್ಲಿ ಅಲ್ಯೂಮಿನಿಯಮ್ಮಿನ ಒಂದು ಪಿಸಾಂಕ ಎದ್ದಿತು. ಸುಮಾರು ೩೧ ಅಡಿ ಎತ್ತರ, ಗಾಳಿ ಬೀಸಿದತ್ತ ತಿರುಗುತ್ತದೆ. ಉಕ್ರೇನಿನ ಕೊಲೊಮಿಯದಲ್ಲಿ ೨೦೦೦ದಲ್ಲಿ ಮೊಟ್ಟೆಯಾಕಾರದ ಕಟ್ಟಡದಲ್ಲಿಯೇ ಪಿಸಾಂಕಗಳ ಸಂಗ್ರಹಾಲಯ ತೆರೆಯಿತು. ೨೦೨೪ರಲ್ಲಿ ಯುನೆಸ್ಕೊ ಈ ಕಲೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇವೆಲ್ಲ ಸಲ್ಲಬೇಕಾದ ಗೌರವಗಳೇ. ಆದರೆ ಪರಸ್ಥಳದ ಮನೆಯಲ್ಲಿ ನಕ್ಷೆ ಕೆಡಬಾರದೆಂಬ ಕಾತರ ಹೆಚ್ಚು. ಆ ಕಾತರದಲ್ಲಿ ಕೂಸಿನ ಕೈಯನ್ನು ಹಿಡಿದು ಗೆರೆ ಎಳೆಸುವ, ಅಥವಾ ಅದು ಮಲಗಿದ ಮೇಲೆ ತಾನೇ ತಿದ್ದಿಬಿಡುವ ಪ್ರವೃತ್ತಿ ಹುಟ್ಟುತ್ತದೆ. ಹಳೆಯ ರೂಢಿಯು ಈ ತೊಡಕನ್ನು ಮಾತಿಲ್ಲದೆಯೇ ಬಿಡಿಸಿತ್ತು. ತಾಯಿಯ ಪಿಸಾಂಕ ತಾಯಿಗೆ, ಕೂಸಿನ ಕ್ರಾಶಾಂಕ ಕೂಸಿಗೆ. ಈಸ್ಟರಿನ ಬೆಳಗ್ಗೆ ಇಗರ್ಜಿಗೆ ಒಯ್ಯುವ ಬುಟ್ಟಿ ಒಂದೇ, ಆಶೀರ್ವಾದವೂ ಒಂದೇ.

ಆಶೀರ್ವಾದವಾದ ಮೊಟ್ಟೆಯ ಚಿಪ್ಪನ್ನು ಉಕ್ರೇನಿನವರು ಕಸಕ್ಕೆ ಹಾಕುತ್ತಿರಲಿಲ್ಲ. ಅದನ್ನು ಹರಿಯುವ ನದಿಗೆ ಬಿಡುತ್ತಿದ್ದರು. ಬಹುದೂರದಲ್ಲಿ, ಸಮುದ್ರಗಳಾಚೆ, ‘ರಾಹ್ಮನ’ರೆಂಬ ಸಾಧುಜನರ ನಾಡೊಂದಿದೆ, ಅವರಿಗೆ ದಿನಗಳ ಲೆಕ್ಕ ತಿಳಿಯದು, ಚಿಪ್ಪುಗಳು ತೇಲಿಕೊಂಡು ತಮ್ಮ ದಡಕ್ಕೆ ತಾಗಿದಾಗಲೇ ಅವರು ಹಬ್ಬ ಬಂದಿತೆಂದು ಅರಿಯುತ್ತಾರೆ ಎಂಬುದು ಅವರ ನಂಬಿಕೆ. ಅಲೆಕ್ಸಾಂಡರನ ದಂಡಯಾತ್ರೆಯ ಕಥೆಗಳ ಮೂಲಕ ಸ್ಲಾವರ ನಾಡಿಗೆ ಹೋಗಿ ಹೀಗೆ ಮಾರ್ಪಟ್ಟ ಈ ರಾಹ್ಮನ ಶಬ್ದವು ‘ಬ್ರಾಹ್ಮಣ’ ಶಬ್ದವೇ. ಆ ನಾಡು ಭಾರತವೇ. ಚಿಪ್ಪುಗಳು ಅಲ್ಲಿಗೆ ಮುಟ್ಟುವುದಕ್ಕೆ ಮೂರು ನಾಲ್ಕು ವಾರಗಳು ಹಿಡಿಯುತ್ತವೆಂದು ಹಳ್ಳಿಗರ ಎಣಿಕೆಯಾಗಿತ್ತು. ಹಾಗೆ ಹೊಳೆಗೆ ಬಿಡುತ್ತಿದ್ದುದು ಪಿಸಾಂಕವನ್ನಲ್ಲ; ತಿಂದುಳಿದ ಕ್ರಾಶಾಂಕದ ಒಡೆದ ಚಿಪ್ಪುಗಳನ್ನು.